ಬೆಲ್ಲದ ಗಂಟು

ಒಂದು ಒಗಟು, ಬಿಡಿಸಿ ನೋಡವಾ. ತುಂಬಿ ಹೋಗ್ತದೆ. ಬರಿದಾಗಿ ಬಂದ್ರೆ ಮನೆಯೋರು ನಗ್ತಾರೆ, ತುಂಬಿ ಬಂದ್ರೆ ಎದೆ ಬಡ್ಕೋತಾರೆ. ಏನದು?... ತಲೆ ಕೆರ್ಕೋಬೇಡಿ, ಹೇನು ಸಿಕ್ಕೀತು ಅಷ್ಟೆ. ಕತೆ ಕೇಳಿ. ನಮ್ಮ ಚಿಕ್ಕವ್ವ ಪುಟ್ಟಮಾದಮ್ಮಂಗೇ ಆದದ್ದು.

ಐವತ್ತೇಳನೇ ಇಸವಿ. ಫ್ಲೂ ಜ್ವರ ಊರೂರು ಸುತ್ತುತ್ತಿತ್ತು. ಅಜ್ಜೀಪುರದಿಂದ ಮಗ ಮಾದನನ್ನು ಹೊತ್ತುಕೊಂಡು ಕೊಳ್ಳೇಗಾಲದ ಆಸ್ಪತ್ರೆಗೆ ಬಂದಳು. ಮಕ್ಕಳು ಒಳಗೆ, ಹೆತ್ತೋರು ಹೊರಗೆ, ಜ್ವರ ಅಂಟುತ್ತದಲ್ಲ. ಅಂಥ ಹೆತ್ತೋರು ಉಳ್ಕೊಳ್ಳಲೆಂದೇ ಸಾವುಕಾರ ಗುರುಮಲ್ಲಪ್ಪನೋರು ತಮ್ಮ ರೇಷ್ಮೆ ಗೋದಾಮನ್ನು ಧರ್ಮಕ್ಕೆ ಬಿಟ್ಟಿದ್ದರು. ಬಾಡಿಗೆಯಿಲ್ಲ, ಸೌದೆಯೂ ಅವರದೇ.

ಸಂಜೆ ತಾಯಂದಿರು ಗಂಜಿ ಕಾಸಿ, ಚೊಂಬಿನ ಬಾಯಿಗೆ ಬಟ್ಟೆ ಕಟ್ಟಿ, ಆಸ್ಪತ್ರೆ ಕಿಟಕಿಗೆ ಕೊಟ್ಟು ಬರೋರು. ರಾತ್ರಿ ಆಯಾ ಚೊಂಬು ತಂದು ಗೋದಾಮಿನ ಜಗಲಿ ಮೇಲಿಡೋಳು... ಟಣ್. ಬರಿದಾಗಿದ್ರೆ ಮಗು ಕುಡಿದಿದೆ. ತುಂಬಿದ್ರೆ... ಸಿಕ್ತಲ್ಲ ಒಗಟು?

ಮಾದನಿಗೆ ಬೆಲ್ಲವಿಲ್ಲದೆ ಗಂಜಿ ಇಳಿಯದು. ಚಿಕ್ಕವ್ವ ಬಟ್ಟೆಯ ತುದಿಗೆ ಒಂದು ಚೂರು ಬೆಲ್ಲ ಗಂಟು ಹಾಕೋಳು. ಮಗ ಗಂಟು ಬಿಚ್ಚಿ ಬೆಲ್ಲ ತಿಂದು, ಬರೀ ಬಟ್ಟೆ ವಾಪಸ್ ಕಳಿಸೋನು.

"ಏನಮ್ಮಿ, ಗಂಟು ಬಿಚ್ಚೋದ್ರಲ್ಲಿ ನಿನ್ ಮಗ ಜೇಬುಗಳ್ಳರ್ಗೂ ಮೇಲು ಕಣ!" ಅನ್ನೋನು ಪಕ್ಕದ ಒಲೆಯ ದೊಡ್ಡಸಿದ್ದಯ್ಯ.

"ಜ್ವರ ಬುಟ್ಟೋಗ್ಲಿ ಕಣಣ್ಣೋ, ನಿನ್ ಒಲೆಕಲ್ಲೂ ತಿಂದಾಕ್ತಾನೆ."

ಆವತ್ತು ರಾತ್ರಿ ಎಲ್ಲರ ಚೊಂಬೂ ಬಂದವು. ಇವಳದ್ದು ಬರಲಿಲ್ಲ. ತಾನೇ ಹೋದಳು. ಕಿಟಕಿಯಲ್ಲಿ ಆಯಾ ಮುಖ ತಿರುಗಿಸಿ, "ಬೆಳಿಗ್ಗೆ ಬಾರವ್ವಾ..." ಅಂದು ಕಿಟಕಿ ಬಾಗಿಲು ಎಳಕೊಂಡಳು.

ವಾಪಸ್ ಬರೋ ದಾರೀಲಿ ಬಾವಿ. ಗಾಳಿಯಿಲ್ಲ. ರಾಟೆ ಮಾತ್ರ ಕಿರ್... ಅಂತು. ಆಮೇಲೆ ಬೆನ್ನ ಹಿಂದೆ, ಧೂಳಿನಲ್ಲಿ ಬರಿಗಾಲು. ತಪ್... ತಪ್... ಅದರ ಜತೆಗೇ ಇನ್ನೊಂದು ಸದ್ದು. ಗುಳಕ್... ಗುಳಕ್... ತುಂಬಿದ ಚೊಂಬು ತುಳುಕೋ ಸದ್ದು.

"ಯಾರ್ಲಾ ಅದು?"

"ನಾನೇ ಕಣವ್ವಾ..."

"ಗಂಜಿ ಕುಡುದ್ಯಾ ಮಗಾ?"

"ಊಂ..."

"ದಿಟ್ವಾಗ್ಲೂ?"

"ಎಲ್ಲಾನೂವೆ... ತಿರಿಕ್ಕಂಡು ನೋಡ್ಬ್ಯಾಡ ಕಣವ್ವಾ."

ನೋಡಲಿಲ್ಲ. ಪುಟ್ಟ ಕಾಲು ಹಿಂದೆ ಉಳಿಯದಿರಲಿ ಅಂತ ಮೆಲ್ಲಗೆ ನಡೆದಳು. ಜಗಲಿ ಬಂತು. ಟಣ್... ತಿರುಗಿದರೆ ಯಾರೂ ಇಲ್ಲ. ಚೊಂಬು ಮಾತ್ರ ಇತ್ತು.

ಎತ್ತಿದಳು. ಹಗುರ! ಬರಿದು! "ಎದ್ದೇಳ್ರೋ, ನನ್ ಮಗ ಕುಡುದವ್ನೆ!" ಅಂತ ಕೂಗಿದಳು. ದೊಡ್ಡಸಿದ್ದಯ್ಯ ತೊಡೆ ತಟ್ಟಿ ನಕ್ಕ. ವಾರದೊಳಗೆ ತಾಯಿ ಮಗ ಅಜ್ಜೀಪುರದ ಬಸ್ಸು ಹತ್ತಿದರು...

...ಇಲ್ಲ. ಚೊಂಬು ಎತ್ತಿದ ಮೇಲಿಂದೆಲ್ಲ ನಾನೇ ಕಟ್ಟಿದ್ದು. ಚಿಕ್ಕವ್ವ ಪಕ್ಕದಲ್ಲಿ ಕೂತಿದ್ರೆ ಹಿಂಗೇ ಹೇಳ್ತೀನಿ.

ಚೊಂಬು ಭಾರವಾಗಿತ್ತು. ಗಂಜಿ ಕಂಠಮಟ್ಟ ಇತ್ತು, ತಣ್ಣಗೆ ಕೆನೆಗಟ್ಟಿತ್ತು. ಮಾದ ಸಂಜೆಗೇ ಹೋಗಿದ್ದನಂತೆ. ಚೊಂಬನ್ನು ತಾನು ತರಲಿಲ್ಲ ಅಂತ ಆಯಾ ಆಣೆ ಇಟ್ಟಳು.

ಇನ್ನೊಂದು ಉಂಟು, ಇದು ಕಟ್ಟಿದ್ದಲ್ಲ, ದೊಡ್ಡಸಿದ್ದಯ್ಯನ್ನೇ ಬೇಕಾದ್ರೆ ಕೇಳಿ. ಬಟ್ಟೆಯ ತುದಿಯ ಗಂಟು ಅವಳು ಹಾಕಿದಂಗೇ ಬಿಗಿಯಾಗಿತ್ತು. ಹಲ್ಲಲ್ಲಿ ಕಚ್ಚಿ ಬಿಚ್ಚಿದಳು.

ಒಳಗೆ ಬೆಲ್ಲ ಇರಲಿಲ್ಲ.