ಫೇಲಾಗೋ ವಿದ್ಯೆ

…ಹೆದರಬೇಡ ಶಂಸೋ, ಫೇಲಾಗೋದು ಅಂಥಾ ಕಷ್ಟದ ಕೆಲಸ ಏನಲ್ಲ. ಪ್ರತಿ ವರ್ಷ ಆಗ್ತಾ ಬಂದಿಲ್ವಾ ನಾನು? ನಾಳೆ ಪರೀಕ್ಷೆಲಿ ಆ ಟೀಚರಮ್ಮ ಸೇಬಿನ ಚಿತ್ರ ತೋರಿಸಿ, ಇಂಗ್ಲಿಷಲ್ಲಿ ಇದೇನು ಅಂತಾಳೆ. ನೀನು ಸುಮ್ನೆ ನಗು. ಶಾಲು ಬಾಯಿಗೆ ಅಡ್ಡ ಹಿಡ್ಕೊಂಡು ನಗು. ಪಾಪದವಳು, ತಡೆಯೋಕಾಗದೆ ಅವಳೇ ಉತ್ತರ ಹೇಳಿಬಿಡ್ತಾಳೆ. ಆಗಲೂ ನಗು… ತಗೋ, ಚಹಾ ಕುಡಿ, ಬಸ್ಸು ಬರೋಕೆ ಇನ್ನೂ ಹೊತ್ತಿದೆ. ಏಲಕ್ಕಿ ಜಾಸ್ತಿ ಹಾಕಿದೀನಿ. ಈ ಮಿನಿಯಾಪೊಲಿಸ್ ಚಳಿಗೆ ಬರೀ ಸಕ್ಕರೆ ಸಾಲಲ್ಲ.

ಏನೇ ಅದು, ಮುಖ ಹಾಗೆ ಮಾಡ್ತೀಯ? ಪಾಸಾಗೋ ಆಸೆ ಹುಟ್ಟಿತಾ? ಪಾಸಾಗಿ ನಮ್ಮ ಖದ್ರಾಗೆ ಏನಾಯ್ತು ನೋಡು. ಎರಡನೇ ಕ್ಲಾಸು ಅಂತ ನದಿ ಆಚೆ ಕಾಲೇಜಿಗೆ ಅಟ್ಟಿದರು. ಪಕ್ಕದಲ್ಲಿ ಕೂರೋನು ಯಾರೋ ಗಡ್ಡದ ಉಕ್ರೇನಿನವನಂತೆ. ಸಂಬೂಸ ತಿನ್ನೋ ಹಾಗಿಲ್ಲ, ಹರಟೆ ಹೊಡೆಯೋ ಹಾಗಿಲ್ಲ. ಈಗ ನಮ್ಮನ್ನ ಕಂಡರೆ ಸಲಾಂ ಹೋಗಿ 'ಹಲೋ' ಆಗಿದೆ. ಮೊಗದಿಶುವಿನಲ್ಲಿ ನನ್ನ ಅಂಗಡಿ ಮುಂದೆ ಬರಿಗಾಲಲ್ಲಿ ಓಡಾಡ್ತಿದ್ದೋಳು ಹಲೋ ಅಂತಾಳೆ, ನನಗೆ!

ಅಲ್ಲ, ನಮಗ್ಯಾಕೆ ಬೇಕು ಇಂಗ್ಲಿಷು? ಟೊಮೆಟೊ ಕೊಳ್ಳೋದು ಹೇಗೆ ಅಂತ ವರ್ಷಗಟ್ಟಲೆ ಕಲಿಸ್ತಾರೆ. ಟೊಮೆಟೊ ಮಾರೋನು ನಮ್ಮ ಗುಲೇದ್. ಇಂಗ್ಲಿಷಲ್ಲಿ ಕೇಳಿದರೆ, ಹುಷಾರಿದೀಯ ತಾನೇ ಚಿಕ್ಕಮ್ಮ ಅಂತಾನೆ. ಡಾಕ್ಟರ ಹತ್ತಿರ ಮೊಮ್ಮಗಳು ಇಲ್ಹಾನ್ ಬರ್ತಾಳೆ. ನಾನು ಮಂಡಿ, ಸೊಂಟ, ಸೊಸೆ ಎಲ್ಲಾ ಸೇರಿಸಿ ಹೇಳ್ಕೋತೀನಿ. ಅವಳು ಅದನ್ನ 'ಮಂಡಿ ನೋವು' ಅಂತ ಮುಗಿಸಿಬಿಡ್ತಾಳೆ… ಏನು? ಅವಳು ಹಾಗಂದದ್ದು ನನಗೆ ಹೇಗೆ… ಮಂಡಿ ಮುಟ್ಟಿ ತೋರಿಸ್ತಾಳಲ್ಲ, ಅದಕ್ಕೆ.

ನಿನಗೋಸ್ಕರ ಕಣೇ ನಾನು ಫೇಲಾಗೋದು. ನಾನು ನದಿ ಆಚೆ ಹೋದರೆ ನಿನ್ನ ಜೊತೆ ಆ ಬೆಂಚಲ್ಲಿ ಕೂರೋರು ಯಾರು? ಹೇಳು.

ಇರು, ಈ ಬಿಳಿ ಹೆಂಗಸಿಗೆ ಏನೋ ಬೇಕಂತೆ…

…ಹೂಂ, ಹೋದಳು. ಎಲ್ಲಿದ್ದೆ ನಾನು? ಖದ್ರಾ ವಿಷಯ… ಯಾಕೆ ಹಾಗೆ ನೋಡ್ತಿದೀಯ? ದಾರಿ ಕೇಳಿದಳು, ಹೇಳಿದೆ. ಆಸ್ಪತ್ರೆ ಬಸ್ಸು ಈ ವಾರ ಇಲ್ಲಿ ನಿಲ್ಲಲ್ಲ, ರಸ್ತೆ ಅಗೀತಿದಾರೆ, ಗ್ರಂಥಾಲಯದ ಮುಂದೆ ಹೋಗಿ, ಹಿಮ ಜಾರುತ್ತೆ ಹುಷಾರು ಅಂದೆ. ಅಷ್ಟೇ… ಸೋಮಾಲಿಲೇ ಹೇಳಿದೆ. ಅಲ್ಲ, ಕೈಸನ್ನೆ ಮಾಡಿದೆ.

ಚಹಾ ಆರುತ್ತೆ, ಶಂಸೋ.

ಲೋಟ ಯಾಕೆ ವಾಪಸ್ ಕೊಡ್ತೀಯೇ? ಬೈಯೋದಾದರೂ ಬೈ.

ಸರಿ. ನಿನಗೋಸ್ಕರ ಅಂದದ್ದು ಸುಳ್ಳು. ಇಲ್ಹಾನ್‌ಗೆ ನಮ್ಮ ಮಾತು 'ಅಜ್ಜಿ, ಊಟ, ಮಂಡಿ ನೋವು' ಅನ್ನೋವರೆಗೆ ಮಾತ್ರ ಬರೋದು. ಅವಳ ಜೊತೆ ಮಾತಾಡಬೇಕು ಅಂತಲೇ ಇಂಗ್ಲಿಷು ಕಲಿತೆ, ಟೀವಿ ನೋಡಿ, ಕದ್ದು. ಕಲಿತು, ಒಂದು ದಿನ ಬಾಯಿಬಿಡೋಣ ಅಂತ ಪಕ್ಕದಲ್ಲಿ ಕೂತೆ. ಅವಳು ಫೋನಲ್ಲಿ ಗೆಳತಿಗೆ ಹೇಳ್ತಿದ್ದಳು, 'ಪರವಾಗಿಲ್ಲ ಹೇಳೇ, ಇಲ್ಲಿರೋದು ಅಜ್ಜಿ, ಅವಳಿಗೇನೂ ಗೊತ್ತಾಗಲ್ಲ.' ಆಮೇಲೆ ಎಷ್ಟು ಮಾತಾಡಿದಳು ಅಂತೀಯ. ಅತ್ತಳು, ನಕ್ಕಳು. ಅವಳಿಗೆ ಅಷ್ಟೊಂದು ಮಾತು ಬರುತ್ತೆ ಅಂತಲೇ ನನಗೆ ಗೊತ್ತಿರಲಿಲ್ಲ. ಈಗ ದಿನಾ ಹಾಗೇ, ನನ್ನ ತೊಡೆ ಮೇಲೆ ಕಾಲು ಚಾಚ್ಕೊಂಡು.

ನಾನು ಪಾಸಾದೆ ಅಂತ ಗೊತ್ತಾದರೆ ಅವಳು ಎದ್ದು ಬೇರೆ ಕೋಣೆಗೆ ಹೋಗಿಬಿಡ್ತಾಳೆ, ಶಂಸೋ.