ಟಿವಿ ಕೇಳಿತು, ದಾದಾ ಒಪ್ಪಿದ

ಅಂಕೋಲೆಯಿಂದ ಕಾರವಾರಕ್ಕೆ ಹೊರಟ ಬಸ್ಸಿನಲ್ಲಿ ವೇದಾವತಿ ಟೀಚರ್ ಪುಸ್ತಕ ಬಿಡಿಸಿ ಕೂತಿದ್ದರು. ಕಿವಿ ಮಾತ್ರ ಮುಂದಿನ ಸೀಟಿನಲ್ಲಿತ್ತು. ಅಲ್ಲಿ ಪ್ರಗತಿಯ ಮಡಿಲಲ್ಲಿ ಟವೆಲ್ಲು ಸುತ್ತಿದ ಹಾರ್ಡ್‌ಡಿಸ್ಕು, ಪಕ್ಕದಲ್ಲಿ ಅವಳ ಅಣ್ಣ ಕಿಶೋರ.

“ಸಿನಿಮಾ ನೋಡಕ್ಕೆ ಟಿವಿಗೆ ಹಾಕಿದೆ ಅಷ್ಟೇ. ಫಾರ್ಮ್ಯಾಟ್ ಮಾಡ್ಲಾ ಅಂತ ಅದೇ ಕೇಳ್ತು.”

“ಪಾಪ, ಅಷ್ಟು ಮರ್ಯಾದೆಯಿಂದ ಕೇಳಿದ್ಮೇಲೆ ಬೇಡ ಅನ್ನೋದು ಹೇಗೆ, ದಾದಾ.”

“ಆಮೇಲೆ ಕಂಪ್ಯೂಟರಲ್ಲಿ ಡಿಸ್ಕೇ ಕಾಣ್ಲಿಲ್ಲ. ವಿಡಿಯೋ ನೋಡಿ ಹೊಸ ಪಾರ್ಟಿಷನ್ ಮಾಡ್ದೆ. ಎರರ್ ಬಂತು. ಅದನ್ನ ಅಳಿಸಿ ಡಿಸ್ಕನ್ನ ಎರಡು ಭಾಗ ಮಾಡ್ದೆ. ಈಗ ಎರಡೂ ಕಾಣ್ತದೆ.”

“ಒಳಗೆ?”

“ಎರಡೂ ಖಾಲಿ.”

“ಸುಧಾರಣೆ ಆಯ್ತಲ್ಲ. ಮೊದ್ಲು ಒಂದೇ ಖಾಲಿ ಇತ್ತು.”

ಕಿಶೋರ ಕಿಟಕಿಯ ಹೊರಗೆ ನೋಡಿದ. ಪ್ರಗತಿ ಅಪ್ಪನ ಮಾತೆತ್ತಿದಳು.

“ಬಾಬಾ ಮೂವತ್ತು ವರ್ಷ ಹುಡುಕಿದ ಮೀನಿನ ಜಾಗ ಎಲ್ಲಾ ಅದ್ರೊಳಗೇ ಇದ್ದದ್ದು. ದೋಣಿಯ ಜಿಪಿಎಸ್ ಕೆಟ್ಟು ಕೂತದೆ, ಬೇರೆ ಕಾಪಿ ಇಲ್ಲ. ನಾಡಿದ್ದು ದೋಣಿ ಕಡಲಿಗೆ ಇಳೀತದೆ.”

“ಹಳೇದು ಸಿಕ್ಕಬಹುದು ಅಂತ ರಿಪೇರಿಯವ ಫೋನಲ್ಲಿ ಹೇಳಿದ್ನಲ್ಲ.”

“ಅದ್ರ ಮೇಲೆ ಹೊಸದೇನೂ ತುಂಬದಿದ್ರೆ ಅಂದ. ತುಂಬಿಲ್ಲ ಅಲ್ವಾ?”

ಕಿಶೋರ ತಂಗಿಯ ಮಡಿಲಲ್ಲಿದ್ದ ಟವೆಲ್ಲಿನ ಅಂಚು ಸರಿಮಾಡಿದ.

“ಸರಿ ಆಯ್ತೋ ಇಲ್ವೋ ನೋಡಕ್ಕೆ ಸಿನಿಮಾ ಹಾಕಿದೆ. ಎರಡೂ ಕಡೆ. ಜಾಗ ಮುಗಿಯೋವರೆಗೆ.”

“ಓಡ್ತದಾ?”

“ಚಂದ ಓಡ್ತದೆ.”

ಬಸ್ಸು ಕಾರವಾರದ ಸ್ಟ್ಯಾಂಡಿಗೆ ಬಂತು. ಪ್ರಗತಿ ಹಾರ್ಡ್‌ಡಿಸ್ಕನ್ನು ಟವೆಲ್ಲಿನ ಸಮೇತ ಅಣ್ಣನ ಕೈಗಿಟ್ಟು ಎದ್ದಳು.

“ಹಾಗಾದ್ರೆ ರಿಪೇರಿ ಯಾಕೆ? ನಾಡಿದ್ದು ಬಾಬಾನಿಗೆ ದೋಣಿ ಮೇಲೆ ಅದನ್ನೇ ಹಾಕಿ ತೋರ್ಸು. ಬಲೆ ಎಲ್ಲಿ ಬಿಡೋದು ಅಂತ ಸಿನಿಮಾದವ್ನೇ ಹೇಳ್ತಾನೆ,” ಎನ್ನುತ್ತ ಅವಳು ಇಳಿದಳು. ಹಿಂದಿನಿಂದ ಅವನೂ ಇಳಿದ.