ನೂರಕ್ಕೊಂದು ಹೆಣ್ಣು

ನಮ್ಮೂರು ಇನ್‌ವುಡ್‌ನಲ್ಲಿ ಚಳಿ ಬಿಟ್ಟು, ಚಳಿಗಾಲವಿಡೀ ಸಾವಿರಗಟ್ಟಲೆ ಮಲಗಿದ್ದ ವಿಷವಿಲ್ಲದ ಹಾವುಗಳು ಗುಂಡಿಯಿಂದ ಎದ್ದ ವಾರ. ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಗುಂಡಿಗಳ ಕಾವಲುಗಾರ ಓರೆಸ್ಟ್. ಅವನ ಮುಂದೆ ಮುಚ್ಚಿದ ಬಕೆಟ್ ಹಿಡಿದ ಪರಸ್ಕಾ ಅಜ್ಜಿ.

“ಅದರಲ್ಲಿರೋದು ಹೆಣ್ಣು ಹಾವು ತಾನೆ? ವಾಪಸ್ ಗುಂಡಿಗೆ ಬಿಡಿ ಅಜ್ಜಿ,” ಅಂದ ಓರೆಸ್ಟ್.

“ಬಿಡಲ್ಲ. ಇದೊಂದಕ್ಕೆ ನೂರು ಗಂಡು ಮುತ್ಕೊಂಡಿದ್ವು. ಉಸಿರು ಕಟ್ಟಿ ಸಾಯ್ತಿತ್ತು.”

“ಅಲ್ಲಿ ಗಂಡು ಜಾಸ್ತಿ, ಹೆಣ್ಣು ಕಮ್ಮಿ. ಹಾಗಾಗಿ ಅವು ಕೂಡೋದೇ ಹಂಗೆ.”

“ಒಂದು ಕೂಡಿ ಆಯ್ತಲ್ಲಪ್ಪ. ಮಿಕ್ಕ ತೊಂಬತ್ತೊಂಬತ್ತಕ್ಕೆ ಅಲ್ಲೇನು ಕೆಲಸ?”

“ಪ್ರಕೃತಿ ಅಜ್ಜಿ. ನಾವು ನೋಡಬಹುದು, ಕೈ ಹಾಕಬಾರದು.”

“ನಾನು ಕಲ್ಲುಗಣಿ ಕ್ಯಾಂಪಿಗೆ ಬಂದಾಗ ನಲವತ್ತು ಗಂಡಸರಿಗೆ ನಾನೊಬ್ಬಳೇ ಹುಡುಗಿ. ಆವಾಗ್ಲೂ ಊರೋರು ಹಿಂಗೇ ಅಂದ್ಕೊಂಡು ನೋಡ್ತಾ ನಿಂತಿದ್ರು.”

ಅಜ್ಜಿ ಬ್ರೆಡ್ಡನ್ನು ಕಂಕುಳಲ್ಲಿ ಇರುಕಿಕೊಂಡು, ಬಕೆಟ್ ಎತ್ತಿ, ಗುಂಡಿಗಳಿಗೆ ಬೆನ್ನು ಹಾಕಿ, ಹಾವುಗಳು ಬೇಸಿಗೆ ಕಳೆಯುವ ಜೌಗಿನ ಕಡೆಗೆ ನಡೆದರು.